ನಾಲ್ಕು ಊರುಗಳ ನೀರು ಮತ್ತು ಒಂದು ಗಾಜಿನ ಪಾತ್ರೆ

ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು ಎಂಬ ನಾಲ್ಕು ಊರುಗಳು ಮೊದಲು ಧಾರವಾಡ ಜಿಲ್ಲೆಯಲ್ಲಿದ್ದು, 1997ರಲ್ಲಿ ಹಾವೇರಿ ಜಿಲ್ಲೆಯು ಪ್ರತ್ಯೇಕವಾದಾಗ ಅದಕ್ಕೆ ಸೇರಿದವು. ಇದು ಚಹದ ಸೀಮೆ. ಬಾಬಾಬುಡನ್‌ಗಿರಿಯ ಕಾಫಿಯು ನಮ್ಮ ನಾಡಿನದೇ ಆದರೂ ಈ ಭಾಗದ ಮನೆಗಳಲ್ಲಿ ಬಂದವರ ಮುಂದೆ ಮೊದಲು ಬರುವುದು ಚಹದ ಬಟ್ಟಲೇ. ಆದರೆ ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಇರುವ ಮಕ್ಕಳು ಊರಿಗೆ ಬರುವಾಗ ತರುವ ಸಾಮಾನುಗಳ ಸಂಗಡ ಈಚೆಗೆ ಗಾಜಿನ ಪರ್ಕೊಲೇಟರ್ ಎಂಬ ಕಾಫಿಯ ಪಾತ್ರೆಯೂ ಬರತೊಡಗಿದೆ. ಕಳೆದ ಮಾಗಿಯಲ್ಲಿ ಈ ನಾಲ್ಕು ಊರುಗಳನ್ನು ಸುತ್ತಿದಾಗ ಬೇರೆಬೇರೆ ಮನೆಗಳಲ್ಲಿ ಅದನ್ನು ಕಂಡೆನು. ಒಂದೆಡೆ ಅದು ಕಂದಿತ್ತು, ಒಂದೆಡೆ ಬೆಳ್ಳಗೆ ಮಸುಕಾಗಿತ್ತು, ಒಂದೆಡೆ ಒಡೆದಿತ್ತು, ಇನ್ನೊಂದೆಡೆ ಕಪಾಟಿನಲ್ಲಿ ದೇವರಂತೆ ಕುಳಿತಿತ್ತು. ಇವುಗಳ ಕಾರಣವನ್ನು ತಿಳಿದರೆ ಗೃಹಸ್ಥರಿಗೆ ಉಪಯೋಗವಾದೀತೆಂದು ಈ ಲೇಖನ.

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯಲ್ಲಿ ಮೊದಲು ಸಿಕ್ಕುವುದು ಶಿಗ್ಗಾಂವಿ. ಕನಕದಾಸರು ಹುಟ್ಟಿದ ಬಾಡವೂ, ಸಂತ ಶರೀಫರ ಶಿಶುವಿನಾಳವೂ ಈ ತಾಲ್ಲೂಕಿನವೇ. ಮನೆಯ ಸಾಧಾರಣ ವಸ್ತುಗಳಲ್ಲಿ ತತ್ತ್ವವನ್ನು ಕಂಡವರು ಶರೀಫರು. ಅವರ ಸೀಮೆಯಲ್ಲಿ ಒಂದು ಪಾತ್ರೆಯ ವಿಚಾರವನ್ನಾಡಲು ಸಂಕೋಚಪಡಬೇಕಾದುದಿಲ್ಲ. ಈ ಪಾತ್ರೆಯ ಕ್ರಮವು ಸರಳವಾದುದು. ತಳದಲ್ಲಿ ಕಾದ ನೀರು ಆವಿಯ ಗುಳ್ಳೆಗಳ ಒತ್ತಡದಿಂದ ನಡುವಿನ ಕೊಳವೆಯಲ್ಲಿ ಮೇಲಕ್ಕೇರಿ, ತೂತುಗಳುಳ್ಳ ಬುಟ್ಟಿಯಲ್ಲಿರುವ ಕಾಫಿಪುಡಿಯ ಮೇಲೆ ಬಿದ್ದು, ರಸವನ್ನು ಹೀರಿಕೊಂಡು ಮತ್ತೆ ತಳಕ್ಕಿಳಿಯುತ್ತದೆ. ಹೀಗೆ ಮೇಲಿಂದ ಮೇಲೆ ಸುತ್ತುವುದರಿಂದ ಪುಡಿಯು ತರಿತರಿಯಾಗಿರಬೇಕು. ಪೇಟೆಯಲ್ಲಿ ದೊರೆಯುವ ಫಿಲ್ಟರಿನ ನುಣುಪು ಪುಡಿಯು ತೂತುಗಳಲ್ಲಿ ಸಿಕ್ಕಿಕೊಳ್ಳುವುದಲ್ಲದೆ ತಳದಲ್ಲಿ ಕೆಸರಾಗಿ ನಿಲ್ಲುತ್ತದೆ. ಕಾಫಿಯಲ್ಲಿ ಒಂದು ವಿಧದ ಎಣ್ಣೆಯಿರುವುದು. ಅದು ಗಾಜಿಗೆ ತೆಳ್ಳಗೆ ಅಂಟಿ, ಗಾಳಿಯ ಸಂಪರ್ಕದಿಂದ ಕಮಟಾಗಿ, ಮರುದಿನದ ಕಾಫಿಗೆ ಕಹಿಯನ್ನು ಕೊಡುತ್ತದೆ. ಕಂದು ಬಣ್ಣದ ಕಲೆಗೆ ಇದೇ ಕಾರಣ.

ಮನುಸ್ಮೃತಿಯ ಐದನೆಯ ಅಧ್ಯಾಯದ ದ್ರವ್ಯಶುದ್ಧಿಪ್ರಕರಣದಲ್ಲಿ ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳ ಪಾತ್ರೆಗಳನ್ನು ಕ್ಷಾರ, ಆಮ್ಲ, ಉದಕ ಇವುಗಳಿಂದ ಯಥಾಯೋಗ್ಯವಾಗಿ ಶುದ್ಧಿಮಾಡಬೇಕೆಂದು ವಿಧಿಸಿದೆ. ಆ ಪಟ್ಟಿಯಲ್ಲಿ ಗಾಜು ಇಲ್ಲ. ಆದರೂ ‘ಯಥಾಯೋಗ್ಯ’ವೆಂಬ ಮಾತಿನ ಬೆಲೆಯು ಗಾಜಿನಲ್ಲಿ ತಿಳಿದಷ್ಟು ಬೇರೆಲ್ಲಿಯೂ ತಿಳಿಯದು. ಎಣ್ಣೆಯ ಕಲೆಗೆ ಬೇಕಾದುದು ಕ್ಷಾರ. ಪಾತ್ರೆಯಲ್ಲಿ ಬಿಸಿನೀರು ತುಂಬಿ, ಎರಡು ಚಮಚೆ ಅಡಿಗೆಯ ಸೋಡವನ್ನು ಕದಡಿ, ಅರ್ಧ ತಾಸು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಕಂದು ಕಳೆಯುತ್ತದೆ. ಕೊಳವೆಯೊಳಗೆ ಸಣ್ಣ ಕುಂಚವನ್ನಾಡಿಸತಕ್ಕದ್ದು. ಬುಟ್ಟಿಯು ಅಲ್ಯುಮಿನಿಯಮ್ಮಿನದಾದರೆ ಅದನ್ನು ಸೋಡದಲ್ಲಿ ನೆನೆಯಿಸಬಾರದು, ಕಪ್ಪಾಗುತ್ತದೆ. ಹಿತ್ತಾಳೆಯ ತಂಬಿಗೆಯನ್ನು ತಿಕ್ಕುವ ಬೂದಿ, ಉಸುಕು, ಇಟ್ಟಿಗೆಯ ಪುಡಿ, ತಂತಿಯ ಉಂಡೆ ಇವು ಯಾವುವೂ ಗಾಜಿನ ಹತ್ತಿರ ಸುಳಿಯಬಾರದು. ಅವು ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲಿಯೇ ಮುಂದೆ ಬಿರುಕು ಹುಟ್ಟುತ್ತದೆ.

ಶಿಗ್ಗಾಂವಿಯಿಂದ ಪೂರ್ವಕ್ಕೆ ಹೊರಳಿದರೆ ಸವಣೂರು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ವರೆಗೆ ಇದು ನವಾಬರ ಸಂಸ್ಥಾನವಾಗಿತ್ತು. ಇಲ್ಲಿಯ ವೀಳ್ಯದೆಲೆಯೂ ಖಾರವೂ ದೂರದ ವರೆಗೆ ಹೆಸರಾದವು. ಮಠದ ಆವರಣದಲ್ಲಿರುವ ಆಫ್ರಿಕಾ ಖಂಡದ ಜಾತಿಯ ದೈತ್ಯವೃಕ್ಷಗಳನ್ನು ಜನರು ದೊಡ್ಡಹುಣಸೆಯೆಂದು ಕರೆಯುತ್ತಾರೆ. ಅನೇಕರು ಕೈಹಿಡಿದು ನಿಂತರೂ ಬುಡವನ್ನು ತಬ್ಬುವುದು ಕಷ್ಟ. ಈ ಊರಿನಲ್ಲಿ ನಾನು ಇಳಿದುಕೊಂಡಿದ್ದ ಮನೆಯಲ್ಲಿ ಕೊಳವೆಬಾವಿಯ ನೀರು. ಅಲ್ಲಿಯ ಪರ್ಕೊಲೇಟರಿನ ತಳದಲ್ಲಿ ಸುಣ್ಣ ಬಳಿದಂತೆ ಬಿಳಿಯ ಪೊರೆ ಕಟ್ಟಿತ್ತು. ಮನೆಯ ಹಿರಿಯ ತಾಯಿಯವರು ಅದನ್ನು ನನಗೆ ತೋರಿಸಿ, ಸೊಸೆಯ ಕಡೆಗೆ ತಿರುಗಿ, “ತಿಂಗಳಾತು, ದಿನಾ ತಿಕ್ಕತೇನಿ ಅಂತಾಳ್ರಿ, ನೋಡ್ರಿ ಹೆಂಗೈತಿ” ಎಂದರು. ಸೊಸೆಯು ತಲೆ ತಗ್ಗಿಸಿ ನಿಂತಿದ್ದಳು. ಆಕೆಯ ಕೈಬೆರಳುಗಳು ತಿಕ್ಕಿ ತಿಕ್ಕಿ ಕೆಂಪಾಗಿದ್ದವು.

ಭೂಮಿಯ ಆಳದ ನೀರಿನಲ್ಲಿ ಸುಣ್ಣದ ಅಂಶವು ಕರಗಿರುವುದುಂಟು. ಕಾಯಿಸಿದಾಗ ಅದು ಕರಗದ ರೂಪವನ್ನು ಹೊಂದಿ ಪಾತ್ರೆಯ ಮೈಗೆ ಹತ್ತುತ್ತದೆ. ಹತ್ತು ನಿಮಿಷ ಒಂದೇ ಸಮನೆ ಕುದಿಯುವ ಈ ಪಾತ್ರೆಯಲ್ಲಿ ಅದು ಬೇಗನೆ ಕಾಣುವುದು. ಸಾಬೂನಿಗಾಗಲಿ ಸೋಡಕ್ಕಾಗಲಿ ಅದು ಜಗ್ಗುವುದಿಲ್ಲ. ತೋಳಿನ ಬಲಕ್ಕೂ ಜಗ್ಗುವುದಿಲ್ಲ. ಅದಕ್ಕೆ ಬೇಕಾದುದು ಆಮ್ಲ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ಕಿವಿಚಿ, ಸೋಸಿ, ಪಾತ್ರೆಯಲ್ಲಿ ಹಾಕಿ ಒಂದು ತಾಸು ಬಿಡಲು ಹೇಳಿದೆನು. ಸಣ್ಣ ಗುಳ್ಳೆಗಳೆದ್ದು ಪೊರೆಯು ಸಡಿಲಿತು. ಎರಡನೆಯ ಸಲಕ್ಕೆ ಗಾಜು ತಿಳಿಯಾಯಿತು. ತಾಯಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಹಂಗಾರ ಇದು ನೀರಿನ ಕಲೆ, ಹುಡುಗೀ ಕೈದಲ್ಲ” ಎಂದರು. ಅಂದು ರಾತ್ರಿ ಊಟಕ್ಕೆ ಬಡಿಸುವಾಗ ಸೊಸೆಯ ಮುಖದಲ್ಲಿ ಕಂಡ ನಿರಾಳವನ್ನು ವಾಚಕರು ಊಹಿಸಬಲ್ಲರು. ಇಲ್ಲಿ ಒಂದು ಮಾತು: ಕ್ಷಾರವನ್ನೂ ಆಮ್ಲವನ್ನೂ ಒಟ್ಟಿಗೆ ಹಾಕಬಾರದು. ಅವು ಒಂದನ್ನೊಂದು ಕೊಂದು ಎರಡೂ ನಿಷ್ಪ್ರಯೋಜಕವಾಗುತ್ತವೆ.

ಸವಣೂರಿನಿಂದ ಹಿಂದಿರುಗಿ ಬಂಕಾಪುರದ ಮೇಲೆ ಪಶ್ಚಿಮಕ್ಕೆ ನಡೆದರೆ ಹಾನಗಲ್ಲು. ಶಾಸನಗಳ ಪಾನುಂಗಲ್ಲು ಇದೇ. ಕದಂಬರ ಒಂದು ಶಾಖೆಯ ರಾಜಧಾನಿ. ತಾರಕೇಶ್ವರನ ಗುಡಿಯಲ್ಲಿ ನೆತ್ತಿಯ ಮೇಲೆ ಅರಳಿದ ಕಲ್ಲಿನ ಕಮಲವನ್ನು ನೋಡುತ್ತ ನಿಂತವನಿಗೆ ಕತ್ತು ನೋಯುವುದು ತಿಳಿಯುವುದಿಲ್ಲ. ಇದೇ ವಿರಾಟನಗರಿಯೆಂದು ಇಲ್ಲಿಯವರ ನಂಬಿಗೆ. ಹಾಗಾದರೆ ಭೀಮಸೇನನು ಬಲ್ಲವನೆಂಬ ಹೆಸರಿನಿಂದ ಸೌಟು ಹಿಡಿದುದು ಈ ನೆಲದಲ್ಲಿಯೇ! ಆದರೆ ಗಾಜಿನ ಪಾತ್ರೆಗೆ ಭೀಮನ ಕೈ ಸಲ್ಲದು. ಒಡೆದ ಪಾತ್ರೆಯನ್ನು ಕಂಡುದು ಇಲ್ಲಿ. ಒಲೆಯಿಂದ ಇಳಿಸಿದ ಕೂಡಲೆ ಅದನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದಿದ್ದರಂತೆ.

ಕಾದ ಗಾಜು ಹಿಗ್ಗುತ್ತದೆ. ಒಂದು ಮೈ ಹಿಗ್ಗಿರುವಾಗಲೇ ಇನ್ನೊಂದು ಮೈ ಕುಗ್ಗಿದರೆ ಅದು ಸೀಳುತ್ತದೆ. ಪೈರೆಕ್ಸ್ ಎಂಬ ಹೆಸರಿನಿಂದ 1915ರಲ್ಲಿ ಅಮೇರಿಕೆಯ ಪೇಟೆಗೆ ಬಂದ ಬೋರೋಸಿಲಿಕೇಟ್ ಗಾಜು ಸಾಧಾರಣ ಗಾಜಿನ ಮೂರರಲ್ಲೊಂದು ಪಾಲು ಮಾತ್ರ ಹಿಗ್ಗುವುದರಿಂದ ಕಾವನ್ನು ಹೆಚ್ಚು ತಾಳುತ್ತದೆ. ಆದರೆ ಅದೂ ಚಿರಂಜೀವಿಯಲ್ಲ. ಆದುದರಿಂದ ಪಾತ್ರೆಯು ತಾನಾಗಿ ತಣಿದ ಬಳಿಕ ಉಗುರುಬೆಚ್ಚನೆಯ ನೀರಿನಿಂದ ತೊಳೆಯತಕ್ಕದ್ದು. ಹೊರಮೈ ಒದ್ದೆಯಿರುವಾಗ ಒಲೆಯ ಮೇಲಿಡಬಾರದು, ನೀರಿಲ್ಲದೆ ಕಾಯಿಸಬಾರದು. ಉರಿಯ ಮೇಲೆ ನೇರವಾಗಿ ಇಡಬಹುದೆಂದು ತಯಾರಕರು ಹೇಳಿದ್ದರೆ ಮಾತ್ರ ಇಡಬೇಕು. ಆಗಲೂ ನಡುವೆ ಒಂದು ಲೋಹದ ಜಾಲರಿಯಿದ್ದರೆ ಒಳ್ಳೆಯದು. ಗೀರು ಬಿದ್ದ, ಅಂಚು ಮುಕ್ಕಾದ ಪಾತ್ರೆಯನ್ನು ಮೋಹದಿಂದ ಉಪಯೋಗಿಸುವುದು ಅಪಾಯಕರ.

ಹಾನಗಲ್ಲಿನ ಆನೆಕೆರೆಯನ್ನು ಬಿಟ್ಟು ದಕ್ಷಿಣಕ್ಕೆ ಬಂದರೆ ಹಿರೇಕೆರೂರು. ಊರಿನ ಹೆಸರಿನಲ್ಲಿಯೇ ಕೆರೆಯ ದನಿಯು ಕೇಳಿಸುತ್ತದೆ. ಮುಂದೆ ಮಾಸೂರಿನ ಹತ್ತಿರ ಕುಮುದ್ವತಿಗೆ ಅಡ್ಡಲಾಗಿ ಗುಡ್ಡಗಳ ನಡುವೆ ಹಿಂದಿನವರು ಕಟ್ಟಿದ ಮದಗದ ಕೆರೆಯಿದೆ. ಇಲ್ಲಿಯ ಒಂದು ಮನೆಯಲ್ಲಿಯೇ ಪರ್ಕೊಲೇಟರು ಕಪಾಟಿನಲ್ಲಿ ಕುಳಿತಿದ್ದುದು. ಮುಚ್ಚಳ ಬಿಗಿದು ವರ್ಷವಾಗಿದ್ದುದರಿಂದ ಒಳಗೆ ಮುಗ್ಗಲು ವಾಸನೆ. ಎತ್ತಿಡುವಾಗ ಭಾಗಗಳನ್ನೆಲ್ಲ ಬಿಚ್ಚಿ, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಕೊಳವೆಯನ್ನು ಬೇರೆಯಾಗಿ ಹಳೆಯ ಬಟ್ಟೆಯಲ್ಲಿ ಸುತ್ತಿ, ಮುಚ್ಚಳವನ್ನು ಮುಚ್ಚದೆ ಪಕ್ಕದಲ್ಲಿಡಬೇಕು. ಒಂದರೊಳಗೊಂದು ಪಾತ್ರೆಯನ್ನು ಸೇರಿಸಬಾರದು.

ಈ ಮನೆಯ ಯಜಮಾನರು ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ತೊಟ್ಟಿಗೆ ತುಂಬಿಸುತ್ತಾರೆ. ಅದನ್ನು ಸೋಸಿ ಕುದಿಸಿ ಕಾಫಿ ಮಾಡಿದೆವು. ಗಾಜಿನಲ್ಲಿ ಬಿಳಿಯ ಚುಕ್ಕೆಯೊಂದೂ ನಿಲ್ಲಲಿಲ್ಲ. ಆಕಾಶದಿಂದ ಬಿದ್ದ ನೀರಿನಲ್ಲಿ ಸುಣ್ಣವೆಲ್ಲಿಂದ ಬರಬೇಕು? ಹಿತ್ತಾಳೆ, ತಾಮ್ರಗಳ ಕಾಲದಲ್ಲಿ ನೀರಿನ ಈ ಭೇದವು ಕಣ್ಣಿಗೆ ಬೀಳುತ್ತಿರಲಿಲ್ಲ. ಗಾಜು ಏನನ್ನೂ ಮುಚ್ಚಿಡಲಾರದು. ಕೆರೆಗಳ ಹೂಳು ತೆಗೆಯದೆ ನೆಲವನ್ನು ಆಳಆಳಕ್ಕೆ ಕೊರೆಯುತ್ತ ಹೋದಂತೆ ನಮ್ಮ ಮನೆಯ ಹಂಡೆ, ಕೊಡ, ಬಟ್ಟಲುಗಳಲ್ಲಿ ಈ ಪೊರೆಯು ಹೆಚ್ಚುವುದು. ಅದನ್ನು ತಿಕ್ಕುವ ಕೈಗಳಿಗೆ ಬೈಗುಳವೂ ಹೆಚ್ಚುವುದು. ಆದುದರಿಂದ ಮನೆಯಲ್ಲಿ ಮಸುಕಾದ ಪಾತ್ರೆಯನ್ನು ಕಂಡಾಗ, ತೊಳೆದವರಾರೆಂದು ಕೇಳುವ ಮೊದಲು, ನೀರೆಲ್ಲಿಯದೆಂದು ಕೇಳುವುದು ಒಳ್ಳೆಯದು.