ಕಾಕಾ ಕೇಳಿದ್ದು: ಇದು ಸರಕಾರದ್ದ ಏನ?

ಹೋದ ವರ್ಷದ ಹಿಂದಿನ ವರ್ಷ, ಗೋವಿನಜೋಳದ ಸುಗ್ಗಿ ಮುಗಿದ ಹೊತ್ತು. ಸಂಜೆ ಏಳರೊಳಗೆ ಸುದ್ದಿ ಕಳಿಸಬೇಕು ಅಂತ ಕಟ್ಟೆ ಮೇಲೆ ಕೂತು ಮೊಬೈಲಿನಲ್ಲಿ ಟೈಪ್ ಮಾಡ್ತಿದ್ದೆ. ನಮ್ಮ ಓಣಿಯ ಕಾಕಾ ಬಂದು ತನ್ನ ಫೋನು ಮುಂದೆ ಹಿಡಿದ. "ತಮ್ಮಾ, ಇದನ್ನ ಒಂಚೂರು ನೋಡು. ಕಿಸಾನ್ ರೊಕ್ಕಕ್ಕ ಕೆವೈಸಿ ಬಾಕಿ ಐತಂತ. ಇದು ಸರಕಾರದ್ದ ಏನ?"

ನೋಡಿದೆ. ಮೇಲೆ ನಾಲ್ಕು ಸಿಂಹದ ಲಾಂಛನ, ಅದರ ಕೆಳಗೆ ಸತ್ಯಮೇವ ಜಯತೇ, ಒಂದು ಬದಿಗೆ ತ್ರಿವರ್ಣ, ಯೋಜನೆಯ ಹೆಸರು ಸ್ವಚ್ಛ ಕನ್ನಡದಲ್ಲಿ. ಕೆಳಗೆ ಒಂದು ಫೈಲು. ನನ್ನ ತಲೆ ಸುದ್ದಿಯಲ್ಲಿತ್ತು. "ಸಿಂಹ ಐತಲ್ಲ ಕಾಕಾ, ಸರಕಾರದ್ದ ಇರಬೇಕು" ಅಂದೆ. ಅಷ್ಟೇ ಅಂದದ್ದು.

ಅದು ಎಪಿಕೆ ಫೈಲು. ಅಂದರೆ ಪ್ಲೇ ಸ್ಟೋರಿನಿಂದ ಬರದೆ ನೇರವಾಗಿ ಫೋನಿಗೆ ಹೊಕ್ಕುವ ಆ್ಯಪ್. ಒಳಗೆ ಬಂದದ್ದೇ ಬ್ಯಾಂಕಿನಿಂದ ಬರುವ ಒಟಿಪಿಗಳನ್ನೆಲ್ಲ ಓದಿ ಕಳ್ಳರಿಗೆ ಕಳಿಸುತ್ತದೆ. ಮರುದಿನ ಮಧ್ಯಾಹ್ನದೊಳಗೆ ಕಾಕಾನ ಖಾತೆಯಿಂದ ಹದಿನೆಂಟು ಸಾವಿರ ಹೋಗಿತ್ತು. ಗೋವಿನಜೋಳ ಮಾರಿದ ರೊಕ್ಕ. ಅವನಿಗೆ ಗೊತ್ತಾಗಿ, ನನಗೆ ಹೇಳಿ, ನಾವು 1930ಕ್ಕೆ ಫೋನು ಮಾಡೋ ಹೊತ್ತಿಗೆ ರಾತ್ರಿ ಆಗಿತ್ತು. ದೂರಿನ ನಂಬರು ಬಂತು. ರೊಕ್ಕ ಬರಲಿಲ್ಲ.

ಕಾಕಾ ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ದರೆ ಚಲೋ ಇತ್ತು.

ಆ ವಾರ ರಾತ್ರಿ ಕೂತು ನನ್ನ ಫೋನಿನಲ್ಲಿ ಒಂದಾದ ಮೇಲೊಂದು ಸರಕಾರಿ ಜಾಲತಾಣ ತೆರೆದು ನೋಡಿದೆ. ಯಾವ ಇಲಾಖೆ ಅಂತ ಹೆಸರು ಬೇಡ. ಒಂದರಲ್ಲಿ ಲಾಂಛನ ಎಡಕ್ಕೆ, ಇನ್ನೊಂದರಲ್ಲಿ ನಡುವೆ. ಒಂದು ಹಸಿರು, ಒಂದು ಕೇಸರಿ, ಒಂದು ನೀಲಿ. ಕೆಲವದರಲ್ಲಿ ಕೇಂದ್ರದ ಸಿಂಹ, ಕೆಲವದರಲ್ಲಿ ನಮ್ಮ ರಾಜ್ಯದ ಗಂಡಭೇರುಂಡ, ಒಂದರಲ್ಲಿ ಎರಡೂ. ಒಂದು ಕಡೆ ಕನ್ನಡ ಒತ್ತಿದರೆ ಅಕ್ಷರದ ಬದಲು ಚೌಕ ಚೌಕ ಡಬ್ಬಿ ಬಂದವು. ಆಮೇಲೆ ಕಾಕಾನ ಫೋನಿಗೆ ಬಂದಿದ್ದ ಕಳ್ಳ ಪೋಸ್ಟರನ್ನು ಪಕ್ಕದಲ್ಲಿಟ್ಟು ನೋಡಿದೆ. ಎಲ್ಲಕ್ಕಿಂತ ಸರಕಾರದ ಹಾಗೆ ಕಾಣ್ತಿದ್ದದ್ದು ಅದೇ.

ಇದನ್ನು ಸರಿ ಮಾಡೋ ಕೆಲಸ ನಡೆದಿಲ್ಲ ಅಂತಲ್ಲ. ಸರಕಾರಿ ಜಾಲತಾಣ ಹೇಗಿರಬೇಕು ಅನ್ನೋ ಮಾರ್ಗಸೂಚಿ 2009ರಲ್ಲೇ ಬಂದಿದೆ. 2025ರ ಫೆಬ್ರುವರಿಯಲ್ಲಿ ಕೇಂದ್ರದ ಐಟಿ ಸಚಿವಾಲಯ ಡಿಜಿಟಲ್ ಬ್ರ್ಯಾಂಡ್ ಕೈಪಿಡಿ ಅಂತ ಇನ್ನೊಂದನ್ನು ತಂದಿತು. ಲಾಂಛನ ಎಲ್ಲಿ ಕೂಡಬೇಕು, ಬಣ್ಣ ಯಾವುದು, ಅಕ್ಷರ ಯಾವುದು, ಜಾಲತಾಣ, ಆ್ಯಪ್, ಸಾಮಾಜಿಕ ಜಾಲತಾಣ ಎಲ್ಲ ಕಡೆ ಒಂದೇ ಮುಖ ಕಾಣಬೇಕು ಅನ್ನೋದು ಅದರ ಉದ್ದೇಶ. ಲಾಂಛನವನ್ನು ಹಾಗೇ ಯಾರೋ ಬಳಸಬಾರದು ಅಂತ 2005ರ ಕಾಯ್ದೆಯೂ ಇದೆ, ಎರಡು ವರ್ಷದ ತನಕ ಜೈಲು. ಕಳ್ಳನಿಗೆ ಆ ಹೆದರಿಕೆ ಎಲ್ಲಿಯದು?

ಒಂದೇ ಮುಖ ಬಂದರೆ ಚಲೋ ಅಂತ ನಾನೂ ಅಂತೇನೆ. ಆದರೆ ಒಂದು ಅನುಮಾನ. ಮುಖ ಒಂದೇ ಆದರೆ ನಕಲು ಮಾಡೋರಿಗೂ ಒಂದನ್ನೇ ಕಲಿತರೆ ಸಾಕಲ್ಲ? ಸಿಂಹ ಯಾರು ಬೇಕಾದರೂ ಅಂಟಿಸಬಹುದು. ಸುಲಭಕ್ಕೆ ಅಂಟಿಸಲಿಕ್ಕೆ ಬಾರದ್ದು ವಿಳಾಸ. ಜಿಒವಿ ಡಾಟ್ ಇನ್ ಅನ್ನೋ ವಿಳಾಸ ಸರಕಾರಿ ಸಂಸ್ಥೆಗಳಿಗೆ ಮಾತ್ರ ಕೊಡ್ತಾರೆ. ಅದೂ ಎಲ್ಲಿರಬೇಕು ಅಂದರೆ, ಮೊದಲ ಓರೆಗೆರೆಗಿಂತ ಮುಂಚೆ, ತೀರಾ ಕೊನೆಗೆ. ನಡುವೆ ಎಲ್ಲೋ ಜಿಒವಿ ಅಂತ ತುರುಕಿ ಕೊನೆಗೆ ಡಾಟ್ ಕಾಮ್ ಅಥವಾ ಬೇರೇನೋ ಇದ್ದರೆ ಅದು ಸರಕಾರದ್ದಲ್ಲ. ಎಸ್‌ಎಂಎಸ್ ಆದರೆ 2025ರಿಂದ ಕಳಿಸಿದವರ ಹೆಸರಿನ ಕೊನೆಗೆ ಒಂದು ಗೆರೆ ಹಾಕಿ ಜಿ ಅಕ್ಷರ ಬರುತ್ತದೆ, ಸರಕಾರದ ಸಂದೇಶಕ್ಕೆ. ವಾಟ್ಸ್‌ಆ್ಯಪಿನಲ್ಲಿ ಫೈಲು ಬಂತೋ, ಸಿಂಹವಿರಲಿ ಆನೆಯಿರಲಿ, ಮುಟ್ಟಬೇಡಿ.

ಇದನ್ನು ಊರವರಿಗೆ ಹೇಳೋದು ಸುಲಭ ಅಲ್ಲ, ಯಾಕಂದರೆ ನಮ್ಮ ಕಚೇರಿಗಳೇ ರೂಢಿ ಕೆಡಿಸ್ಯಾವು. ನನಗೆ ಬರೋ ಪ್ರಕಟಣೆ ಎಷ್ಟೋ ಸಲ ಯಾರದೋ ಸ್ವಂತ ಜಿಮೇಲಿನಿಂದ ಬರ್ತದೆ. ಯೋಜನೆಯ ಪೋಸ್ಟರು ವಾಟ್ಸ್‌ಆ್ಯಪ್ ಗುಂಪಿಗೆ ಬೀಳ್ತದೆ, ಜಾಲತಾಣದ ವಿಳಾಸ ಇರೋದಿಲ್ಲ, ಇದ್ದರೂ ಅರ್ಧ ಕತ್ತರಿಸಿದ ಲಿಂಕು. ಖರೇದ್ದೇ ಹೀಗೆ ಬಂದರೆ ಸುಳ್ಳನ್ನು ಹೇಗೆ ಗುರುತು ಹಿಡೀಬೇಕು ಕಾಕಾ?

ಮೊನ್ನೆ ಇನ್ನೊಂದಾಯಿತು. ಕಾಕಾನ ಕಂತು ಎರಡು ಸಾವಿರ ಬಂದಿರಲಿಲ್ಲ. ಕೇಳಿದರೆ ಕೆವೈಸಿ ಆಗಿಲ್ಲ ಅಂತ. ಸಂದೇಶ ಬಂದಿತ್ತು, ಕೊನೆಗೆ ಜಿ ಅಕ್ಷರವೂ ಇತ್ತು. ಕಾಕಾ ಅಳಿಸಿ ಹಾಕಿದ್ದ. "ಸರಕಾರ ಅಂತ ಬರದಿತ್ತಲ್ಲ, ಅದಕ್ಕ ಅಳಿಸಿದೆ" ಅಂದ.

ಕಿಸಾನ್ ಜಾಲತಾಣ ನನ್ನ ಫೋನಿನಲ್ಲಿ ತೆರೆದು ವಿಳಾಸ ತೋರಿಸಿದೆ. ನಂಬಲಿಲ್ಲ. ನಂಬಬೇಕಾದ ಕಾರಣವೂ ಇರಲಿಲ್ಲ, ಅವತ್ತೂ ಹೌದು ಅಂದವನು ನಾನೇ. ಕಡೆಗೆ ಬೈಕಿನ ಮೇಲೆ ಕೂಡಿಸಿಕೊಂಡು ಬೆರಳಚ್ಚು ಕೊಟ್ಟು ಕೆವೈಸಿ ಮಾಡಿಸೋಣ ಅಂತ ಪಕ್ಕದ ಊರಿನ ಸಿಎಸ್‌ಸಿ ಕೇಂದ್ರಕ್ಕೆ ಕರಕೊಂಡು ಹೋದೆ. ಬಾಗಿಲ ಹತ್ತಿರ ಕಾಕಾ ನಿಂತ. ಮೇಲಿನ ಬೋರ್ಡನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಓದಿದ. ಆಮೇಲೆ ನನ್ನ ಕಡೆ ತಿರುಗದೆ, ಒಳಗೆ ಕೂತಿದ್ದ ಹುಡುಗನನ್ನೇ ಕೇಳಿದ:

"ತಮ್ಮಾ, ಇದು ಖರೇನ ಸರಕಾರದ್ದ ಏನ?"