ಸೂಟಿ ಇಲ್ಲದ ಅಸೂಟಿ

ನಾನು ಬೆಳೆದ ಊರು ಅಸೂಟಿ. ಗದಗ ಜಿಲ್ಲೆ, ರೋಣ ತಾಲೂಕು. ಬೆಂಗಳೂರಿನಲ್ಲಿ ಯಾರಿಗಾದರೂ ಹೇಳಿದರೆ "ಅದೆಲ್ಲಿ ಬರುತ್ತೆ?" ಅಂತ ಕೇಳ್ತಾರೆ. ಗದಗ ಗೊತ್ತಾ, ಬಾದಾಮಿ ಗೊತ್ತಾ, ಎರಡರ ನಡುವೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ ಅಂತ ಹೇಳಿ ಮುಗಿಸಿಬಿಡುತ್ತೇನೆ.

ನಮ್ಮ ಕಡೆ ರಜೆಗೆ 'ಸೂಟಿ' ಅಂತಾರೆ. ಹಾಗಾಗಿ ಚಿಕ್ಕವರಿದ್ದಾಗ ನಮ್ಮದೊಂದು ಜೋಕ್ ಇತ್ತು. ಸೂಟಿ ಇಲ್ಲದ ಊರೇ ಅ-ಸೂಟಿ! ಊರ ಹೆಸರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ಬಿಡಿ, ಸುಮ್ಮನೆ ಮಕ್ಕಳ ತಮಾಷೆ. ಆದರೆ ನಮ್ಮವ್ವನ ಮಟ್ಟಿಗೆ ಅದು ತಮಾಷೆ ಆಗಿರಲಿಲ್ಲ ಅಂತ ಅರ್ಥ ಆಗೋಕೆ ನನಗೆ ಇಪ್ಪತ್ತೆಂಟು ವರ್ಷ ಬೇಕಾಯ್ತು.

ಊರಲ್ಲಿ ಎತ್ತಿಗೂ ಸೂಟಿ ಇತ್ತು. ಸೋಮವಾರ ಬಸವಣ್ಣನ ವಾರ, ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡೋದಿಲ್ಲ. ಎರೆ ಹೊಲ ಎಷ್ಟೇ ಹದಕ್ಕೆ ಬಂದಿರಲಿ, ಕೂರಿಗೆ ಮಂಗಳವಾರದವರೆಗೆ ಕಾಯಲೇಬೇಕು. ಎದುರುಮನೆ ಕಾಕಾ ಅವತ್ತು ಎತ್ತುಗಳ ಮೈ ತೊಳೆದು, ಹಿಂಡಿ ಇಟ್ಟು, ಅವು ಮೆಲುಕು ಹಾಕೋದನ್ನ ನೋಡ್ತಾ ಕಟ್ಟೆ ಮೇಲೆ ಕೂತಿರುತ್ತಿದ್ದರು. ನಮ್ಮದು ಕ್ರಿಶ್ಚಿಯನ್ ಮನೆ, ನಮ್ಮ ಓಣಿಯಲ್ಲಿ ಅದೊಂದೇ. ನಮಗೆ ರವಿವಾರ ದೇವರ ದಿನ.

ಎರಡನೇ ಕ್ಲಾಸಿನಲ್ಲೋ ಮೂರನೇ ಕ್ಲಾಸಿನಲ್ಲೋ ಇದ್ದಾಗ ಕೇಳಿದ್ದೆ. "ಅವ್ವಾ, ಎತ್ತಿಗೆ ಸೋಮವಾರ ಸೂಟಿ, ನಮಗ ರವಿವಾರ ಸೂಟಿ. ನಿನಗ ಯಾವಾಗ?"

ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ ಅಂದಳು. "ಪರಲೋಕಕ್ಕ ಹೋದಮ್ಯಾಲೆ ಐತಲ್ಲ, ಬರೇ ಸೂಟಿನ."

ಅವ್ವ ನಕ್ಕಳು, ನಾನೂ ನಕ್ಕೆ. ಅಲ್ಲಿಗೆ ಮುಗೀತು.

ಅವ್ವ ಪ್ರೈಮರಿ ಶಾಲೆ ಟೀಚರ್. ಅಪ್ಪ ರೋಣದಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಅವ್ವನ ದಿನ ಹೇಗಿತ್ತು ಅಂತ ಈಗ ನೆನೆಸಿಕೊಂಡರೆ, ಒಂದೇ ಪ್ರೊಸೆಸರ್ ಮೇಲೆ ಹತ್ತು ಪ್ರೋಗ್ರಾಮ್ ಓಡಿಸಿದ ಹಾಗೆ. ನಸುಕಿನಲ್ಲಿ ಎದ್ದು ಕಸ, ನೀರು, ರೊಟ್ಟಿ, ಪಲ್ಯ, ಡಬ್ಬಿ. ಆಮೇಲೆ ಶಾಲೆ. ಸಂಜೆ ಬಂದು ಮತ್ತೆ ಒಲೆ. ರಾತ್ರಿ ಯಾವಾಗ ನಳ ಬರುತ್ತೋ ಆವಾಗ ಕೊಡ ತುಂಬಬೇಕು. ಮಧ್ಯದಲ್ಲಿ ಜನಗಣತಿ, ಚುನಾವಣೆ ಡ್ಯೂಟಿ, ನನ್ನ ಹೋಂವರ್ಕ್, ಹಾಸಿಗೆ ಹಿಡಿದಿದ್ದ ಆಯಿ. ಭಾನುವಾರ ಬಂತು ಅಂದರೆ ಇನ್ನೂ ಹೆಚ್ಚು, ಯಾಕಂದ್ರೆ ಎಲ್ಲರೂ ಮನೆಯಲ್ಲಿ ಇರುತ್ತಿದ್ದರು!

ಆ ಅಡುಗೆಮನೆ ಗೋಡೆ ಮೇಲೆ ವಾಕ್ಯದ ಕ್ಯಾಲೆಂಡರ್ ಒಂದು ನೇತಾಡುತ್ತಿತ್ತು. ವರ್ಷ ಮುಗಿದರೂ ಅವ್ವ ಅದನ್ನ ತೆಗೀಲಿಲ್ಲ. ಮತ್ತಾಯನ ಸುವಾರ್ತೆ 11ನೇ ಅಧ್ಯಾಯದ ಕೊನೆಯ ಮಾತು. ದುಡಿದು ದಣಿದವರನ್ನ, ಹೊರೆ ಹೊತ್ತವರನ್ನ ಯೇಸು ತನ್ನ ಹತ್ತಿರ ಕರೆದು, ವಿಶ್ರಾಂತಿ ಕೊಡ್ತೀನಿ ಅಂತ ಹೇಳೋ ಭಾಗ. ಅದರ ಕೆಳಗೆ ಅವ್ವ ಒಗ್ಗರಣೆ ಹಾಕುತ್ತಿದ್ದಳು. ಹೊಗೆ ಹಿಡಿದು 'ವಿಶ್ರಾಂತಿ' ಅನ್ನೋ ಅಕ್ಷರವೇ ಕಪ್ಪಾಗಿತ್ತು. ಕಾಲೇಜಿಗೆ ಬಂದ ಮೇಲೆ ಆ ಕ್ಯಾಲೆಂಡರ್ ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಎಲ್ಲಿದೆ ವಿಶ್ರಾಂತಿ?

ನಮ್ಮ ಮೂಲ ಮನೆತನ ಬೆಟಗೇರಿಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಕಿಟೆಲ್ ಅವರ ನಿಘಂಟು (1894) ನಮಗೆಲ್ಲ ಗೊತ್ತಿರುವ ಅವರ ದೊಡ್ಡ ಕೆಲಸ. ಆದರೆ ನಮ್ಮಂಥ ಮನೆಗಳಿಗೆ ಅವರಿಂದ ಇನ್ನೂ ಎರಡು ಬಂದವು ಅಂತ ನನಗನ್ನಿಸುತ್ತೆ. ಒಂದು ಭಾನುವಾರ. ಇನ್ನೊಂದು, ಸುಮ್ಮನೆ ಕೂತರೆ ಪಾಪ ಅನ್ನೋ ಭಯ. ಅವರದು ಪ್ರಾರ್ಥನೆ ಮತ್ತು ದುಡಿಮೆ ಎರಡನ್ನೂ ಒಟ್ಟಿಗೆ ಹಿಡಿದ ಪಂಥ. ಶಾಲೆಗಳ ಜೊತೆಗೆ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನೂ ನಡೆಸಿದವರು.

ಬೆಟಗೇರಿಯಲ್ಲಿ ನಮ್ಮ ಆಯಿ ಮನೆಯಲ್ಲಿ ಮಗ್ಗ ಇತ್ತು. ವಾರವಿಡೀ ಅಜ್ಜ ನೇಯೋದು, ಆಯಿ ಕಂಡಿಕೆ ಸುತ್ತೋದು. ಭಾನುವಾರ ಮಗ್ಗದ ಸಪ್ಪಳ ಪೂರ್ತಿ ಬಂದ್. ಅಜ್ಜ ಬಿಳಿ ಅಂಗಿ ಹಾಕಿಕೊಂಡು ಚರ್ಚಿಗೆ ಹೋಗಿ ಬಂದು, ಉಂಡು, ಮಲಗುತ್ತಿದ್ದರಂತೆ. ಮಗ್ಗ ನಿಂತರೂ ಒಲೆ ಮಾತ್ರ ಆರುತ್ತಿರಲಿಲ್ಲ ನೋಡಿ.

ಇದರ ಬಗ್ಗೆ ಒಮ್ಮೆ ಬೈಬಲ್ ತೆಗೆದು ನೋಡಿದೆ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಸಬ್ಬತ್ ದಿನ ಯಾರ್‍ಯಾರು ಕೆಲಸ ಮಾಡಬಾರದು ಅಂತ ಪಟ್ಟಿಯೇ ಇದೆ. ನೀನು, ನಿನ್ನ ಮಗ, ಮಗಳು, ಆಳು, ಹೆಣ್ಣಾಳು, ಎತ್ತು, ಕತ್ತೆ, ಉಳಿದ ದನಕರು, ಊರಲ್ಲಿರೋ ಪರದೇಶಿ. ಎತ್ತಿನ ಹೆಸರಿದೆ, ಕತ್ತೆಯ ಹೆಸರಿದೆ. ಹೆಂಡತಿ ಇಲ್ಲ! 'ನೀನು' ಅನ್ನೋದರಲ್ಲೇ ಅವಳೂ ಸೇರಿದ್ದಾಳೆ ಅಂತ ಪಂಡಿತರು ವಿವರಿಸುತ್ತಾರೆ. ಇರಬಹುದು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದವರ ಗತಿ ಏನಾಗುತ್ತೆ ಅಂತ ರೇಷನ್ ಕಾರ್ಡ್ ಮಾಡಿಸಿದವರಿಗೆಲ್ಲ ಗೊತ್ತು.

ಇನ್ನು ಮಾರ್ಥ ಮರಿಯರ ಕಥೆ. ಲೂಕನ ಸುವಾರ್ತೆ 10ನೇ ಅಧ್ಯಾಯ. ಯೇಸು ಮನೆಗೆ ಬಂದಿದ್ದಾನೆ, ಮಾರ್ಥ ಒಬ್ಬಳೇ ಒದ್ದಾಡುತ್ತಿದ್ದಾಳೆ, ತಂಗಿ ಮರಿಯ ಪಾದದ ಹತ್ತಿರ ಕೂತು ಮಾತು ಕೇಳುತ್ತಿದ್ದಾಳೆ. ಮಾರ್ಥ ದೂರು ಹೇಳಿದರೆ ಯೇಸು ಮರಿಯಳ ಪರ ನಿಲ್ಲುತ್ತಾನೆ. ಒಮ್ಮೆ ಒಂದು ಕಡೆ ಇದರ ಮೇಲೆ ಮುಕ್ಕಾಲು ಗಂಟೆ ಪ್ರಸಂಗ ಕೇಳಿದೆ. ಹೆಣ್ಣುಮಕ್ಕಳು ಮಾರ್ಥಳಂತೆ ಗಡಿಬಿಡಿ ಮಾಡಬಾರದು, ಮರಿಯಳಂತೆ ಶಾಂತವಾಗಿರಬೇಕು ಅಂತ. ಪ್ರಸಂಗ ಮುಗಿದ ಮೇಲೆ ಎಲ್ಲರಿಗೂ ಚಹಾ ಉಪ್ಪಿಟ್ಟು ಇತ್ತು. ಮಾಡಿದವರು ಯಾರು ಅಂತ ಬೇರೆ ಹೇಳಬೇಕಾ?

ಇಷ್ಟೆಲ್ಲ ತಕರಾರು ಇಟ್ಟುಕೊಂಡೇ ನಾನು ಬೆಂಗಳೂರಿಗೆ ಬಂದು ಇಂಜಿನಿಯರ್ ಆದೆ. ಅವ್ವನ ಥರ ಆಗಬಾರದು ಅಂತ ಅಂದುಕೊಂಡವಳು, ನೋಡಿದರೆ ಅವಳಿಗಿಂತ ಹೆಚ್ಚು ಅವಳ ಥರ ಆಗಿದ್ದೆ. ಒಲೆ ಜಾಗದಲ್ಲಿ ಲ್ಯಾಪ್‌ಟಾಪ್, ಅಷ್ಟೇ. ರಾತ್ರಿ ರಿಲೀಸ್, ಬೆಳಗ್ಗೆ ಮೀಟಿಂಗ್, ಫೋನ್ ತಲೆದಿಂಬಿನ ಕೆಳಗೆ. ವಿಮೋಚನಕಾಂಡದಲ್ಲಿ ಫರೋಹ ಹುಲ್ಲು ಕೊಡೋದನ್ನ ನಿಲ್ಲಿಸಿ, ಇಟ್ಟಿಗೆ ಲೆಕ್ಕ ಮಾತ್ರ ಅಷ್ಟೇ ಇರಲಿ ಅಂತಾನಲ್ಲ, ಹಾಗೆ ಟೀಮಿನಲ್ಲಿ ಇಬ್ಬರು ಬಿಟ್ಟು ಹೋದರೂ ಕೆಲಸ ಅಷ್ಟೇ ಇತ್ತು. ಹೋದ ವರ್ಷ ಒಂದು ರಾತ್ರಿ ಮೂರು ಗಂಟೆಗೆ ಪರದೆ ಮೇಲಿನ ಅಕ್ಷರ ಓದೋಕೇ ಆಗಲಿಲ್ಲ. ಕೈ ನಡುಗುತ್ತಿತ್ತು. ಯಾಕೆ ಅಳುತ್ತಿದ್ದೀನಿ ಅಂತ ಗೊತ್ತಾಗದೆ ಅಳುತ್ತಿದ್ದೆ. ಮರುದಿನ ರಜೆ ಹಾಕಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಗದಗದಲ್ಲಿ ಇಳಿದು ರೋಣ, ಅಲ್ಲಿಂದ ಊರು.

ಅವ್ವ ಏನೂ ಕೇಳಲಿಲ್ಲ. ಮುಖ ನೋಡಿದಳು, ಅಷ್ಟೇ. ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು ಇಟ್ಟಳು. "ಉಣ್ಣ ಮೊದಲ. ಉಂಡು ಮಕ್ಕೋ." ಮಲಗಿದೆ. ಎದ್ದಾಗ ಸಂಜೆಯಾಗಿತ್ತು. ಮತ್ತೆ ರೊಟ್ಟಿ, ಮತ್ತೆ ಅದೇ ಮಾತು. ಎರಡು ದಿನ ಹೀಗೇ. ಮೂರನೇ ದಿನ ನೆನಪಾಯಿತು, ಇದು ಎಲೀಯನ ಕಥೆ! ಒಂದನೇ ಅರಸುಗಳು 19ನೇ ಅಧ್ಯಾಯ. ಪ್ರವಾದಿ ಎಲೀಯ ಸಾಕಾಗಿ ಸಾಯ್ತೀನಿ ಅಂತ ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೇವದೂತ ಬಂದು ಉಪದೇಶ ಮಾಡೋದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ ರೊಟ್ಟಿ. ಮಾತುಕತೆ ಎಲ್ಲ ಆಮೇಲೆ.

ಆ ರಾತ್ರಿ ಅವ್ವನ ಹತ್ತಿರ ಎಲ್ಲಾ ಹೇಳಿದೆ. ಸಿಟ್ಟೂ ಬಂತು. "ಗ್ವಾಡಿ ಮ್ಯಾಲಿನ ವಾಕ್ಯ ನೀ ಹ್ಯಾಂಗ ನಂಬತಿ? ಎಲ್ಲೈತಿ ನಿನಗ ವಿಶ್ರಾಂತಿ?"

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕೆಲಸಾ ಮುಗದಮ್ಯಾಲೆ ಮಲಗಬೇಕಂದ್ರ ನಾ ಲಗ್ನ ಆದಾಗಿಂದ ಮಲಗತಿರಲಿಲ್ಲವ್ವಾ. ಮುಗಿಲಿಲ್ಲಂದ್ರೂ ದೀಪಾ ಆರಿಸತೀನಿ. ಉಳದದ್ದು ಅವನ ಕಡೆ ಬಿಟ್ಟ ಮಲಗತೀನಿ. ನನ್ನ ವಿಶ್ವಾಸ ಅಷ್ಟ."

127ನೇ ಕೀರ್ತನೆ ಅವಳಿಗೆ ಬಾಯಿಪಾಠ. ನಸುಕಿನಲ್ಲಿ ಎದ್ದು ರಾತ್ರಿಯವರೆಗೆ ದುಡಿಯೋದು ವ್ಯರ್ಥ, ದೇವರು ತನ್ನವರಿಗೆ ನಿದ್ದೆ ಕೊಡುತ್ತಾನೆ ಅನ್ನೋ ಕೀರ್ತನೆ. ರಾತ್ರಿ ಪಾತ್ರೆ ತೊಳೆದ ಮೇಲೆ ಹದಿನೈದು ನಿಮಿಷ ಹೊಸ್ತಿಲ ಹತ್ತಿರ ಬೈಬಲ್ ಹಿಡಿದು ಕೂರುತ್ತಿದ್ದಳಲ್ಲ, ಅದನ್ನ ನಾನು ಇನ್ನೊಂದು ಕೆಲಸ ಅಂತಲೇ ಲೆಕ್ಕ ಹಾಕಿದ್ದೆ. ಅದು ಕೆಲಸ ಕೆಳಗಿಡುವ ಜಾಗ ಆಗಿತ್ತು.

ಮಾರ್ಥಳ ಬಗ್ಗೆ ಕೇಳಿದ್ದಕ್ಕೆ ಅವ್ವ ನಕ್ಕಳು. "ನೀವೆಲ್ಲ ಲೂಕಾನ್ನಷ್ಟ ಓದತೀರಿ. ಯೋಹಾನ ಓದು." ಓದಿದೆ. 11ನೇ ಅಧ್ಯಾಯದಲ್ಲಿ ತಮ್ಮ ಲಾಜರ ಸತ್ತಾಗ ಎದ್ದು ಹೋಗಿ ಯೇಸುವನ್ನ ಎದುರುಗೊಂಡು, ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಅಂತ ಮುಖಕ್ಕೇ ಹೇಳಿದವಳು, ಅಷ್ಟೇ ಗಟ್ಟಿಯಾಗಿ ನೀನೇ ಕ್ರಿಸ್ತ ಅಂತ ಒಪ್ಪಿಕೊಂಡವಳು ಮಾರ್ಥ. 12ನೇ ಅಧ್ಯಾಯದ ಔತಣದಲ್ಲಿ ಅವಳು ಮತ್ತೆ ಬಡಿಸುತ್ತಾಳೆ. ಈ ಸಲ ದೂರೂ ಇಲ್ಲ, ಬೈಗುಳವೂ ಇಲ್ಲ. ಯೇಸುವಿಗೆ ಅವಳ ಅಡುಗೆಯ ಮೇಲೆ ತಕರಾರು ಇರಲಿಲ್ಲ. ಅವಳ ತಲೆಯೊಳಗಿನ ನೂರೆಂಟು ಚಿಂತೆಯ ಮೇಲಿತ್ತು.

ಮರುದಿನ ಬೆಳಗ್ಗೆ ಎದುರುಮನೆ ಕಾಕಾ ಹೊಸ ಹೋರಿಗೆ ಗಳೆ ಕಲಿಸುತ್ತಿದ್ದರು. ಈಗ ಟ್ರ್ಯಾಕ್ಟರ್ ಜಾಸ್ತಿ, ಆದರೂ ಕಾಕಾ ಒಂದು ಜೋಡಿ ಬಿಟ್ಟಿಲ್ಲ. ಒಂದು ಕಡೆ ವಯಸ್ಸಾದ ಎತ್ತು, ಇನ್ನೊಂದು ಕಡೆ ಹೋರಿ. ಹೋರಿ ಎಳೆದಾಡುತ್ತೆ, ಹಳೇ ಎತ್ತು ತನ್ನ ಪಾಡಿಗೆ ಸಾಲು ಹಿಡಿದು ಹೋಗುತ್ತೆ. "ಭಾರ ಎಲ್ಲಾ ಹಳೇದ ಎಳೀತೈತಿ ತಂಗಿ, ಇದು ಬರೇ ನಡದರ ಸಾಕು" ಅಂದರು ಕಾಕಾ.

ನಿಂತಲ್ಲೇ ಆ ಕ್ಯಾಲೆಂಡರ್ ನೆನಪಾಯಿತು. ವಿಶ್ರಾಂತಿ ಕೊಡ್ತೀನಿ ಅಂದ ಯೇಸು ಮುಂದಿನ ಮಾತಿನಲ್ಲೇ ಹಾಸಿಗೆ ಕೊಡಲಿಲ್ಲ, ನೊಗ ಕೊಟ್ಟ. ಇದೇನು ವಿಶ್ರಾಂತಿ ಅಂತ ನನಗೆ ಯಾವಾಗಲೂ ಗೊಂದಲ. ಆದರೆ ನೊಗಕ್ಕೆ ಎರಡು ಹೆಗಲು ಬೇಕು ಅಲ್ಲವಾ? ಅವನು ಬಡಿಗನ ಮನೆಯವನು. ನೊಗ, ನೇಗಿಲು ಮಾಡುತ್ತಿದ್ದ ಅಂತ ಎರಡನೇ ಶತಮಾನದ ಜಸ್ಟಿನ್ ಬರೆದಿದ್ದಾನೆ. ಹೆಗಲಿಗೆ ಹೊಂದದ ನೊಗ ಹುಣ್ಣು ಮಾಡುತ್ತೆ ಅಂತ ಅವನಿಗೆ ಗೊತ್ತಿರಲೇಬೇಕು. ಅವ್ವ ಎಳೆದದ್ದು ಒಬ್ಬಳೇ ಅಲ್ಲ ಅಂತ ಅವಳು ನಂಬಿದ್ದಳು. ಅದಕ್ಕೇ ಅವಳು ಮಲಗುತ್ತಿದ್ದಳು, ನಾನು ಮಲಗುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚಂದದ ಸಾಕ್ಷಿ ಆಗಿರೋದು. ಆದರೆ ಆ ದಿನವೇ ಇನ್ನೊಂದು ಕಂಡೆ. ಅವ್ವನ ಬಲಗೈ ಹೆಗಲ ಮೇಲೆ ಏಳುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಎಡಗೈಯಿಂದ ಬಲ ಮೊಣಕೈ ಹಿಡಿದುಕೊಳ್ಳುತ್ತಿದ್ದಳು. ಎಷ್ಟು ದಿನದಿಂದ ಅಂದರೆ "ಆರು ತಿಂಗಳಾತು" ಅಂದಳು. ಹಂಗಾದ್ರೆ ನನ್ನ ಎರಡು ದಿನದ ವಿಶ್ರಾಂತಿಯನ್ನ ಆ ಕೈಯೇ ಬಡಿದು ಹಾಕಿತ್ತು. ಎಲೀಯನಿಗೆ ದೇವದೂತ ರೊಟ್ಟಿ ಕೊಟ್ಟ, ಸರಿ. ದೇವದೂತನಿಗೆ ಯಾರು ಕೊಡಬೇಕು?

ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಕೂಲಿಯಿಲ್ಲದ ಮನೆಗೆಲಸಕ್ಕೆ ಹೆಣ್ಣುಮಕ್ಕಳು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಅಂತಿದೆ. ಅದೂ ಆ ಕೆಲಸ ಮಾಡುವವರ ಸರಾಸರಿ. ಮಾಡುವ ಹೆಣ್ಣುಮಕ್ಕಳು ನೂರಕ್ಕೆ 81, ಗಂಡಸರು 26. ನೊಗದ ಇನ್ನೊಂದು ತುದಿ ಖಾಲಿ ಇತ್ತು, ಅದನ್ನೂ ದೇವರೇ ಹೊರಲಿ ಅಂತ ನಾವು ಬಿಟ್ಟಿದ್ದೆವು. ಮುಂಬೈ ಗಿರಣಿ ಕೆಲಸಗಾರರಿಗೆ 1890ರಲ್ಲಿ ಭಾನುವಾರದ ರಜೆ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ. ಸೂಟಿಯನ್ನ ಯಾರಾದರೂ ಕೇಳಬೇಕು, ಯಾರಾದರೂ ಬಿಟ್ಟುಕೊಡಬೇಕು. ಅದೇ ಅಧ್ಯಾಯದಲ್ಲಿ ಸಬ್ಬತ್ತಿಗೆ ಕೊಟ್ಟ ಕಾರಣವೂ ಇದೇ. ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ, ಮರೀಬೇಡಿ ಅಂತ.

ಅವ್ವನನ್ನ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಕೈ ಮೆಲ್ಲಗೆ ಸುಧಾರಿಸುತ್ತಿದೆ. ಅಪ್ಪ ಅರವತ್ತರ ಹೊಸ್ತಿಲಲ್ಲಿ ಅನ್ನ ಮಾಡೋದು ಕಲಿತರು, ಮೊದಲ ದಿನ ಗಂಜಿ ಆಯ್ತು. ಊರಲ್ಲೇ ರೊಟ್ಟಿ ಮಾಡಿಕೊಡೋರ ಹತ್ತಿರ ರೊಟ್ಟಿ ತರುತ್ತಾರೆ, ದುಡ್ಡು ನಾನು ಕಳಿಸುತ್ತೇನೆ. ಮೊದಮೊದಲು ಅವ್ವನಿಗೆ ಇದು ಅವಮಾನ ಅನ್ನಿಸಿತ್ತು. "ನಾ ಇರೂತನಾ ಕೊಂಡ ರೊಟ್ಟಿ ಯಾಕ?" ಅಂತ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನಾನೂ ಭಾನುವಾರ ಫೋನ್ ಬಂದ್ ಮಾಡುತ್ತೇನೆ. ಪ್ರತಿ ವಾರ ಆಗುತ್ತೆ ಅಂತ ಸುಳ್ಳು ಹೇಳಲ್ಲ. ಮೂರರಲ್ಲಿ ಎರಡು ವಾರ.

ಹೋದ ತಿಂಗಳು ಊರಿಗೆ ಹೋದಾಗ ಭಾನುವಾರ ಮಧ್ಯಾಹ್ನ ಪಾತ್ರೆ ಎಲ್ಲ ಹಾಗೇ ಬಿದ್ದಿದ್ದವು. ಅವ್ವ ಪಡಸಾಲೆಯಲ್ಲಿ ಚಾಪೆ ಮೇಲೆ, ಬಾಯಿ ಸ್ವಲ್ಪ ತೆರೆದು, ಗೊರಕೆ ಹೊಡೆಯುತ್ತಾ ಮಲಗಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಅವ್ವ ಹಗಲು ಮಲಗಿದ್ದನ್ನ ನಾನು ನೋಡಿದ್ದು ಅದೇ ಮೊದಲು. ಅಪ್ಪ ಸಪ್ಪಳ ಆಗದ ಹಾಗೆ ನೀರು ಬಿಟ್ಟು ಪಾತ್ರೆ ತಿಕ್ಕುತ್ತಿದ್ದರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ನಿಮ್ಮನೆಯಲ್ಲಿ ಹೇಗೆ? ಅವ್ವನಿಗೆ ಯಾವ ವಾರ ಸೂಟಿ?