ಆವೇಶ ಇಳಿಯುವ ದಾರಿ

ವಿಜ್ಞಾನದ ಕನ್ನಡದಲ್ಲಿ ‘ವಿದ್ಯುದಾವೇಶ’ ಎಂಬ ಪದ ನನಗೆ ಮೆಚ್ಚು. ‘ಸ್ಥಿರವಿದ್ಯುತ್ತು’ ಅಷ್ಟು ಒಪ್ಪದು. ಪರಿಗಿಯ ನಮ್ಮ ಮನೆಯಿಂದ ಅಣ್ಣ ದಿನವೂ ಹಿಂದೂಪುರಕ್ಕೆ, ಪ್ಲಾಸ್ಟಿಕ್ ಹಾಳೆಗಳ ಮೇಲೆ ಬಣ್ಣ ಮುದ್ರಿಸುವ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಸೀಮೆಯ ಒಣಹವೆಯಲ್ಲಿ, ಉರುಳೆಗಳ ಮೇಲೆ ಓಡುವ ಹಾಳೆಗೆ ಆವೇಶ ಏರುತ್ತದೆ, ಇಳಿಯಲು ದಾರಿಯಿರುವುದಿಲ್ಲ. ಹಾಳೆಗಳು ಅಂಟಿಕೊಂಡರೆ ನಷ್ಟವಷ್ಟೆ. ಶಾಯಿಯ ದ್ರಾವಕದ ಆವಿಯಲ್ಲಿ ಕಿಡಿ ಹಾರಿದರೆ ಬೆಂಕಿ. ಆ ಕಿಡಿಯಲ್ಲಿ ಸ್ಥಿರವಾದುದು ಯಾವುದು?

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ವಿವರಿಸಿದ ಇಂಗಾಲದ ನ್ಯಾನೊ ನಳಿಕೆಗಳು ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳು. ಹಾಳೆಯ ಲೇಪನದಲ್ಲೋ ಉರುಳೆಯ ರಬ್ಬರಿನಲ್ಲೋ ತುಸುವೇ ಬೆರೆಸಿದರೂ ಅವು ಒಂದಕ್ಕೊಂದು ತಾಗಿ ಬಲೆಯಾಗುತ್ತವೆ. ಆವೇಶ ಆ ಬಲೆಯ ಎಳೆಗಳಲ್ಲಿ ಹರಿದು ನೆಲ ಸೇರುತ್ತದೆ. ಭೂಸಂಪರ್ಕದ ತಂತಿ ಕಡಿದಿದ್ದರೆ ಮಾತ್ರ ಅಲ್ಲೇ ಉಳಿಯುತ್ತದೆ. ಪಾಳಿ ಆರಂಭಿಸುವ ಮುನ್ನ ಅಣ್ಣ ಬಗ್ಗಿ ನೋಡುವುದು ಆ ತಂತಿಯನ್ನೇ.